ಆನೆ ಹಾರ ಹಾಕಿದ ಮೇಲೆ ಏನಾಯಿತು?

ನಮ್ಮ ಕಡೆ ಅಜ್ಜಿಯಂದಿರು ಹೇಳುವ ಕಥೆಗಳಲ್ಲಿ ಒಂದು ಕಥೆ ಮತ್ತೆ ಮತ್ತೆ ಬರುತ್ತದೆ. ಒಂದೂರಲ್ಲಿ ರಾಜ ತೀರಿಕೊಳ್ಳುತ್ತಾನೆ. ಅವನಿಗೆ ಮಕ್ಕಳಿಲ್ಲ. ಮಂತ್ರಿಗಳು ಪಟ್ಟದಾನೆಯ ಸೊಂಡಿಲಿಗೆ ಹೂವಿನ ಹಾರ ಕೊಟ್ಟು ಬೀದಿಗೆ ಬಿಡುತ್ತಾರೆ. ಅದು ಯಾರ ಕೊರಳಿಗೆ ಹಾರ ಹಾಕುತ್ತದೋ ಅವರೇ ರಾಜ. ಊರೆಲ್ಲ ಸುತ್ತಿದ ಆನೆ ಕೊನೆಗೆ ಛತ್ರದ ಜಗುಲಿಯಲ್ಲಿ ಹಸಿದು ಮಲಗಿದ್ದ ಪರದೇಶಿ ಹುಡುಗನ ಮುಂದೆ ನಿಲ್ಲುತ್ತದೆ. ಹಾರ ಬೀಳುತ್ತದೆ, ವಾದ್ಯ ಮೊಳಗುತ್ತದೆ, ಹುಡುಗ ಅಂಬಾರಿ ಏರುತ್ತಾನೆ. ಅಲ್ಲಿಗೆ ಕಥೆ ಮುಗಿಯಿತು, ಇನ್ನು ಮಲಗಿ.

ಮಾರನೇ ದಿನ ಬೆಳಿಗ್ಗೆ ಆ ಹುಡುಗ ಏನು ಮಾಡಿದ? ಕಂದಾಯದ ಲೆಕ್ಕ ಅರ್ಥವಾಗದೆ ಇದ್ದಾಗ ಯಾರನ್ನು ಕೇಳಿದ? ಮಂತ್ರಿಗಳು ಅವನ ಮುಖ ನೋಡಿ ಒಳಗೊಳಗೇ ಏನಂದುಕೊಂಡರು? ತನ್ನನ್ನು ಯಾಕೆ ಆರಿಸಿತು ಅಂತ ಆನೆಯನ್ನೇ ಕೇಳಬೇಕು ಅಂತ ಅವನಿಗೆ ಎಷ್ಟು ಸಲ ಅನ್ನಿಸಿರಬಹುದು?

ಈ ಪ್ರಶ್ನೆಗಳನ್ನೇ ಹಿಡಿದು 45 ಕಂತು ನಡೆಯುವ ಒಂದು ಜಪಾನಿ ಅನಿಮೆ, ಅಂದರೆ ಕಾರ್ಟೂನ್ ಸರಣಿ ಇದೆ. ಇಂಗ್ಲಿಷಿನಲ್ಲಿ ‘ದಿ ಟ್ವೆಲ್ವ್ ಕಿಂಗ್‌ಡಮ್ಸ್’, ಜಪಾನಿನಲ್ಲಿ ‘ಜೂನಿ ಕೊಕ್ಕಿ’. ಹನ್ನೆರಡು ರಾಜ್ಯಗಳ ಕಥೆ. ‘ಅನಿಮೆ ನೋಡೋಕೆ ಶುರು ಮಾಡಬೇಕು, ಮಾಯಾಲೋಕದ ಕಥೆ ಇಷ್ಟ, ಯಾವುದು ನೋಡಲಿ?’ ಅಂತ ಯಾರಾದರೂ ಕೇಳಿದರೆ ನಾನು ಹೇಳುವುದು ಇದನ್ನೇ. ಹೇಳಿದ ಮೇಲೆ ಒಂದು ಮಾತು ಕಡ್ಡಾಯವಾಗಿ ಸೇರಿಸುತ್ತೇನೆ: ಮೊದಲ ಏಳೆಂಟು ಕಂತುಗಳಲ್ಲಿ ನಾಯಕಿ ನಿಮಗೆ ಇಷ್ಟ ಆಗುವುದಿಲ್ಲ. ಆದರೂ ನೋಡಿ. ಅವಳು ಇಷ್ಟ ಆಗದೆ ಇರುವುದರಲ್ಲೇ ಈ ಕಥೆಯ ಬೇರು ಇದೆ.

ಸರಣಿ ಜಪಾನಿನ ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆಯಲ್ಲಿ 2002ರ ಏಪ್ರಿಲ್‌ನಿಂದ 2003ರ ಆಗಸ್ಟ್‌ವರೆಗೆ ಪ್ರಸಾರವಾಯಿತು. ಮಾಡಿದ್ದು ಸ್ಟುಡಿಯೋ ಪಿಯರೋ, ನಿರ್ದೇಶಕರು ತ್ಸುನೆಓ ಕೊಬಯಾಶಿ. ಮೂಲ ಫುಯುಮಿ ಒನೊ ಬರೆದ ಕಾದಂಬರಿಗಳು. ಆಕೆ ಕ್ಯೋಟೋದ ಒತಾನಿ ವಿಶ್ವವಿದ್ಯಾಲಯದಲ್ಲಿ ಬೌದ್ಧ ಧರ್ಮ ಓದಿದವರು. ಸರಣಿಯ ಮೊದಲ ಪುಸ್ತಕ 1992ರಲ್ಲಿ ಬಂದಾಗ ಅದು ಹದಿಹರೆಯದ ಹುಡುಗಿಯರಿಗಾಗಿ ಇದ್ದ ಅಗ್ಗದ ಪುಸ್ತಕಮಾಲೆಯಲ್ಲಿ ಬಂತು. ಹುಡುಗಿಯರು ಓದುವ ಪುಸ್ತಕ ಅಂತ ಗುರುತಿಸಿಕೊಂಡ ಆ ಮಾಲೆಯಲ್ಲಿ ರಾಜ್ಯಭಾರ, ಕಾನೂನು, ದಂಗೆ, ಬರಗಾಲ, ಅಧಿಕಾರಿಗಳ ಲಂಚ ಎಲ್ಲವನ್ನೂ ಆಕೆ ಇಟ್ಟರು. ಓದುಗರು ಅರ್ಥ ಮಾಡಿಕೊಳ್ಳುತ್ತಾರೆ ಅಂತ ನಂಬಿದರು. ಆ ನಂಬಿಕೆ ನನಗೆ ತುಂಬಾ ದೊಡ್ಡದು ಅನ್ನಿಸುತ್ತದೆ.

ಇನ್ನು ಕಥೆ. ಎಲ್ಲವನ್ನೂ ಹೇಳುವುದಿಲ್ಲ. ಆದರೆ ಸ್ವಲ್ಪ ಹೇಳದೆ ಮಾತು ಮುಂದೆ ಹೋಗುವುದಿಲ್ಲ.

ಯೋಕೊ ನಕಾಜಿಮಾ ಜಪಾನಿನ ಹೈಸ್ಕೂಲು ಹುಡುಗಿ. ಕ್ಲಾಸ್ ಲೀಡರ್. ಯಾರಿಗೂ ಎದುರು ಮಾತಾಡುವುದಿಲ್ಲ. ಹುಟ್ಟಿನಿಂದಲೇ ಅವಳ ಕೂದಲು ಕೆಂಪು ಛಾಯೆಯದು. ಅದಕ್ಕೂ ಟೀಚರುಗಳ ಮುಂದೆ ಸಂಕೋಚಪಟ್ಟು ನಿಲ್ಲುತ್ತಾಳೆ. ಮನೆಯಲ್ಲಿ ಅಪ್ಪ ಅಮ್ಮ ಹೇಳಿದ್ದಕ್ಕೆಲ್ಲ ಹೂಂ. ಕ್ಲಾಸಿನಲ್ಲಿ ಸುಗಿಮೊತೊ ಅನ್ನುವ ಹುಡುಗಿಯನ್ನು ಎಲ್ಲರೂ ದೂರ ಇಟ್ಟಿದ್ದಾರೆ. ಯೋಕೊ ಅವಳನ್ನು ಪೀಡಿಸುವುದಿಲ್ಲ, ಕಾಪಾಡುವುದೂ ಇಲ್ಲ. ನೋಡಿಯೂ ನೋಡದ ಹಾಗೆ ಇರುತ್ತಾಳೆ. ಒಂದು ದಿನ ಉದ್ದ ಕೂದಲಿನ, ವಿಚಿತ್ರ ಬಟ್ಟೆ ತೊಟ್ಟ ಒಬ್ಬ ಗಂಡಸು ಶಾಲೆಗೇ ಬಂದು ಅವಳ ಪಾದಕ್ಕೆ ಹಣೆ ಮುಟ್ಟಿಸಿ, ನಿಮ್ಮನ್ನು ಬಿಟ್ಟು ಹೋಗುವುದಿಲ್ಲ, ನಿಮ್ಮ ಮಾತು ಮೀರುವುದಿಲ್ಲ ಅಂತ ಆಣೆ ಇಡುತ್ತಾನೆ. ಅವನ ಹೆಸರು ಕೇಕಿ. ಒಪ್ಪಿದೆ ಅಂತ ಹೇಳಿ ಅಂತ ಅವಸರ ಮಾಡುತ್ತಾನೆ. ಕಿಟಕಿ ಗಾಜುಗಳು ಪುಡಿಯಾಗುತ್ತಿವೆ, ಹೊರಗೆ ರಾಕ್ಷಸ ಪಕ್ಷಿ. ಆ ಗದ್ದಲದಲ್ಲಿ ಯೋಕೊ ಒಪ್ಪಿಬಿಡುತ್ತಾಳೆ. ಬೇರೆಯವರು ಕೇಳಿದ್ದಕ್ಕೆ ಹೂಂ ಅನ್ನುವ ಅಭ್ಯಾಸದವಳು, ಬದುಕಿನ ಅತಿ ದೊಡ್ಡ ಪ್ರಶ್ನೆಗೂ ಹೂಂ ಅಂದುಬಿಟ್ಟಳು.

ಅಲ್ಲಿಂದ ಅವಳು ಬೇರೆ ಲೋಕಕ್ಕೆ ಬೀಳುತ್ತಾಳೆ. ಕೇಕಿ ಜೊತೆಗಿಲ್ಲ. ಬಿದ್ದ ಜಾಗ ಕೋ ಅನ್ನುವ ರಾಜ್ಯ. ಸಮುದ್ರದಾಚೆಯಿಂದ ಬಿರುಗಾಳಿಯ ಜೊತೆ ಬಂದವರು ಅಪಶಕುನ ಅಂತ ಅಲ್ಲಿ ನಂಬಿಕೆ. ಹಿಡಿದರೆ ಸಾವೇ ಗತಿ. ಕನ್ನಡಿಯಲ್ಲಿ ನೋಡಿಕೊಂಡರೆ ಮುಖವೇ ಬದಲಾಗಿದೆ. ಅವಳ ಹತ್ತಿರ ಒಂದು ಕತ್ತಿ ಇದೆ, ಆದರೆ ಕತ್ತಿ ಬೀಸುವುದು ಅವಳಲ್ಲ. ಕೇಕಿ ಅವಳ ಮೈಯೊಳಗೆ ಸೇರಿಸಿದ ಒಂದು ಅದೃಶ್ಯ ಜೀವ ಅವಳ ಕೈಕಾಲು ಆಡಿಸುತ್ತದೆ. ಅವಳು ಹೆದರಿ ಕಣ್ಣು ಮುಚ್ಚಿಕೊಂಡರೆ ಆ ಜೀವಕ್ಕೂ ಏನೂ ಕಾಣುವುದಿಲ್ಲ, ಕೈ ನಿಂತುಹೋಗುತ್ತದೆ. ಕಣ್ಣು ಬಿಟ್ಟು ನೋಡಬೇಕು, ಅಷ್ಟೇ ಅವಳ ಪಾಲಿನ ಕೆಲಸ. ಅಷ್ಟೂ ಅವಳಿಂದ ಮೊದಮೊದಲು ಆಗುವುದಿಲ್ಲ.

ಈಗ ಬೇರೆ ಲೋಕಕ್ಕೆ ಹೋಗುವ ಕಥೆಗಳಿಗೆ ಅನಿಮೆಯಲ್ಲಿ ಬರವಿಲ್ಲ. ಅವುಗಳಲ್ಲಿ ಬಹುಪಾಲು ಕಡೆ ಹೋದವನಿಗೆ ಹೋದ ಕೂಡಲೇ ಒಂದು ವರ ಸಿಗುತ್ತದೆ, ಶಕ್ತಿ ಸಿಗುತ್ತದೆ, ಗೆಳೆಯರು ಸಿಗುತ್ತಾರೆ. ಇಲ್ಲಿ ಯೋಕೊಗೆ ಸಿಗುವುದು ಹಸಿವು. ಅಕ್ಕರೆಯಿಂದ ಮನೆಗೆ ಕರೆದುಕೊಂಡು ಹೋಗಿ ಊಟ ಹಾಕುವ ಹೆಂಗಸು ಅವಳನ್ನು ವೇಶ್ಯಾಗೃಹಕ್ಕೆ ಮಾರಲು ನೋಡುತ್ತಾಳೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿಗೆ ಬಂದು ಬಿದ್ದ ಒಬ್ಬ ಜಪಾನಿ ಮುದುಕ ಸಿಗುತ್ತಾನೆ. ತನ್ನ ಭಾಷೆ ಮಾತಾಡುವವನು ಅಂತ ನಂಬಿದರೆ, ರಾತ್ರಿ ಅವಳ ಗಂಟು ಕದ್ದು ಓಡಿಹೋಗುತ್ತಾನೆ. ಜೊತೆಗೆ ಒಂದು ನೀಲಿ ಕೋತಿ. ರಾತ್ರಿ ಹೊತ್ತು ಕಾಣಿಸಿಕೊಂಡು ಅವಳ ಮನಸ್ಸಿನಲ್ಲಿರುವ ಅನುಮಾನಗಳನ್ನೇ ಎತ್ತಿ ಆಡುತ್ತದೆ. ನಿನ್ನನ್ನು ಯಾರೂ ಹುಡುಕುತ್ತಿಲ್ಲ, ನಿನಗಾಗಿ ಯಾರೂ ಅಳುತ್ತಿಲ್ಲ ಅನ್ನುತ್ತದೆ. ಕತ್ತಿಯ ಅಲಗಿನಲ್ಲಿ ಅವಳಿಗೆ ಊರಿನ ದೃಶ್ಯಗಳು ಕಾಣುತ್ತವೆ. ಕ್ಲಾಸಿನವರು ಅವಳ ಬಗ್ಗೆ ಬೆನ್ನ ಹಿಂದೆ ಏನು ಮಾತಾಡುತ್ತಾರೆ ಅನ್ನುವುದು ಕಾಣುತ್ತದೆ. ಎಲ್ಲರನ್ನೂ ಮೆಚ್ಚಿಸುತ್ತಾ ಬಂದವಳಿಗೆ, ಯಾರೂ ಅವಳನ್ನು ಮೆಚ್ಚಿರಲೇ ಇಲ್ಲ ಅಂತ ಗೊತ್ತಾಗುತ್ತದೆ.

ಬಹಳ ಜನ ಬಿಟ್ಟುಬಿಡುವುದು ಇಲ್ಲೇ. ಅಳುವ ಹುಡುಗಿ, ಆಮೇಲೆ ಎಲ್ಲರನ್ನೂ ಅನುಮಾನಿಸುವ ಹುಡುಗಿ. ನೋಡೋಕೆ ಹಿಂಸೆ ಆಗುತ್ತದೆ, ನಿಜ. ಆದರೆ ‘ನಾಲ್ಕು ಜನ ಏನಂತಾರೆ’ ಅನ್ನುವ ಮಾತಿನಲ್ಲೇ ಬೆಳೆದ ನನ್ನಂಥ ಹುಡುಗಿಯರಿಗೆ ಯೋಕೊ ಹೊಸಬಳಲ್ಲ. ಒಳ್ಳೆ ಹುಡುಗಿ ಅನ್ನಿಸಿಕೊಳ್ಳುವುದಕ್ಕೆ ಎಷ್ಟು ಶ್ರಮ ಬೇಕು ಅಂತ ನಮಗೆ ಗೊತ್ತು. ನೆಂಟರ ಮುಂದೆ ಹೇಗೆ ಕೂರಬೇಕು, ಎಷ್ಟು ನಗಬೇಕು, ಯಾವ ಪ್ರಶ್ನೆಗೆ ಸುಮ್ಮನಿರಬೇಕು, ಎಲ್ಲ ಲೆಕ್ಕ ಹಾಕಿ ಬದುಕುವುದು. ಆ ನಾಲ್ಕು ಜನರನ್ನು ಒಮ್ಮೆಲೇ ತೆಗೆದುಬಿಟ್ಟರೆ ಒಳಗೆ ಏನು ಉಳಿಯುತ್ತದೆ? ಸರಣಿ ಯೋಕೊಳನ್ನು ಆ ಜಾಗಕ್ಕೆ ತಂದು ನಿಲ್ಲಿಸುತ್ತದೆ. ಒಳಗೆ ಏನೂ ಉಳಿದಿಲ್ಲ ಅಂತ ಅವಳಿಗೇ ಕಾಣುವವರೆಗೆ ಕಥೆ ಅವಳ ಕೈ ಹಿಡಿಯುವುದಿಲ್ಲ.

ಆಮೇಲೆ ಮಳೆಯಲ್ಲಿ ದಾರಿಬದಿ ಬಿದ್ದವಳನ್ನು ಒಬ್ಬ ಎತ್ತಿಕೊಂಡು ಹೋಗುತ್ತಾನೆ. ಅವನು ರಾಕುಶುನ್. ಮೀಸೆ ಬಾಲ ಎಲ್ಲ ಇರುವ, ಮಗುವಿನಷ್ಟು ಎತ್ತರದ ಇಲಿ. ಅಂದರೆ ಅರ್ಧ ಪ್ರಾಣಿ, ಅರ್ಧ ಮನುಷ್ಯ. ಇಂಥವರಿಗೆ ಕೋ ರಾಜ್ಯದಲ್ಲಿ ಜಮೀನು ಕೊಡುವುದಿಲ್ಲ, ಮೇಲಿನ ಓದಿಗೆ ಸೇರಿಸುವುದಿಲ್ಲ, ಕೆಲಸ ಸಿಗುವುದೂ ಕಷ್ಟ. ರಾಕುಶುನ್ ಮನೆಯಲ್ಲೇ ಕೂತು ಕಾನೂನಿನ ಪುಸ್ತಕಗಳನ್ನೆಲ್ಲ ಓದಿಕೊಂಡಿದ್ದಾನೆ. ಹೊರಗಿನವರನ್ನು ದಂಡಿಸುವ ರಾಜ್ಯದಲ್ಲಿ, ಒಳಗಿದ್ದೂ ಹೊರಗಿನವನಾದ ಒಬ್ಬನೇ ಅವಳಿಗೆ ಊಟ ಹಾಕಿದ. ಯೋಕೊ ಅವನನ್ನೂ ನಂಬುವುದಿಲ್ಲ. ಯಾಕೆ ನಂಬಬೇಕು? ಹಿಂದೆ ಊಟ ಹಾಕಿದವರೇ ಮಾರಲು ಹೊರಟಿದ್ದರು.

ಮುಂದೆ ಒಂದು ಊರಿನ ಬಾಗಿಲಲ್ಲಿ ರಾಕ್ಷಸ ಪಕ್ಷಿಗಳು ಎರಗುತ್ತವೆ. ರಾಕುಶುನ್ ಗಾಯಗೊಂಡು ಬೀಳುತ್ತಾನೆ. ಯೋಕೊ ಓಡಿಹೋಗುತ್ತಾಳೆ. ಓಡಿದ ಮೇಲೆ ಕೋತಿ ಬಂದು ಅವಳ ತಲೆಯಲ್ಲಿದ್ದ ಯೋಚನೆಯನ್ನೇ ಹೊರಗೆ ಹೇಳುತ್ತದೆ: ವಾಪಸ್ ಹೋಗಿ ಅವನನ್ನು ಕೊಂದುಬಿಡು, ಇಲ್ಲದಿದ್ದರೆ ನಿನ್ನ ಗುಟ್ಟು ಬಿಟ್ಟುಕೊಡುತ್ತಾನೆ. ಅಲ್ಲಿ ಯೋಕೊ ನಿಂತು ಯೋಚಿಸುತ್ತಾಳೆ. ಅವಳು ಅಂದುಕೊಳ್ಳುವುದರ ಸಾರ ಇಷ್ಟು: ಬೇರೆಯವರು ನನಗೆ ದ್ರೋಹ ಮಾಡಿದರೆ ಅದು ಅವರಿಗೆ ಸೇರಿದ್ದು. ಅದಕ್ಕಾಗಿ ನಾನು ಕೆಟ್ಟವಳಾಗಬೇಕು ಅಂತ ಏನಿದೆ? ನಾನು ನಂಬುವುದಕ್ಕೂ ಅವರು ನನ್ನನ್ನು ನಂಬುವುದಕ್ಕೂ ಸಂಬಂಧ ಇಲ್ಲ. ಒಳ್ಳೆಯವಳಾಗಿರುವುದಕ್ಕೆ ನನಗೆ ಬೇರೆ ಕಾರಣ ಬೇಕಾಗಿಲ್ಲ.

ಇದು ಕೇಳುವುದಕ್ಕೆ ಸುಲಭದ ಮಾತು. ಆದರೆ ಸರಣಿ ಈ ಮಾತನ್ನು ಅವಳ ಬಾಯಿಗೆ ಸುಮ್ನೆ ಕೊಟ್ಟಿಲ್ಲ. ಅಷ್ಟು ಹೊತ್ತಿಗೆ ಅವಳು ಎಲ್ಲ ಕಡೆಯಿಂದಲೂ ಮೋಸ ಹೋಗಿದ್ದಾಳೆ, ಹಸಿದಿದ್ದಾಳೆ, ಕೊಲ್ಲುವ ಯೋಚನೆಯವರೆಗೂ ಹೋಗಿ ಬಂದಿದ್ದಾಳೆ. ಇಷ್ಟೆಲ್ಲ ನೋಡಿದ ನಮಗೂ ಆ ಮಾತಿನ ತೂಕ ಗೊತ್ತಾಗುತ್ತದೆ. ಮೊದಲಿನ ಕಂತುಗಳನ್ನು ಬಿಟ್ಟು ನೇರ ಇಲ್ಲಿಗೆ ಬಂದರೆ ಇದು ಗೋಡೆಗೆ ಅಂಟಿಸುವ ಸುಭಾಷಿತದ ಹಾಗೆ ಕೇಳುತ್ತದೆ. ಅದಕ್ಕೇ ನಾನು ಹೊಸಬರಿಗೆ ಯಾವ ಕಂತನ್ನೂ ಹಾರಿಸಬೇಡಿ ಅನ್ನುವುದು.

ಈಗ ಗುಟ್ಟು ಹೇಳಿಬಿಡುತ್ತೇನೆ, ಆದರೂ ಮೊದಲ ಕಂತಿನಲ್ಲೇ ಅರ್ಧ ಊಹೆ ಆಗಿರುತ್ತದೆ. ಯೋಕೊ ಕೇ ಅನ್ನುವ ರಾಜ್ಯದ ದೊರೆ. ಅವಳ ಪಾದಕ್ಕೆ ಹಣೆ ಮುಟ್ಟಿಸಿದ ಕೇಕಿ ಆ ರಾಜ್ಯದ ಕಿರಿನ್.

ಕಿರಿನ್ ಅಂದರೆ ಚೀನಾದ ಹಳೆಯ ಕಥೆಗಳಲ್ಲಿ ಬರುವ ಒಂಟಿ ಕೊಂಬಿನ ಪವಿತ್ರ ಪ್ರಾಣಿ. ಒನೊ ಅದನ್ನು ತೆಗೆದುಕೊಂಡು ಒಂದು ಇಡೀ ರಾಜ್ಯವ್ಯವಸ್ಥೆ ಕಟ್ಟಿದ್ದಾರೆ. ಈ ಲೋಕದಲ್ಲಿ ಹನ್ನೆರಡು ರಾಜ್ಯ, ಪ್ರತಿ ರಾಜ್ಯಕ್ಕೆ ಒಂದು ಕಿರಿನ್. ಅದು ಮನುಷ್ಯ ರೂಪವನ್ನೂ ತಾಳುತ್ತದೆ. ಆಕಾಶದ ಇಚ್ಛೆಯಂತೆ ಅದು ದೊರೆಯನ್ನು ಆರಿಸುತ್ತದೆ. ರೈತ, ಸಿಪಾಯಿ, ವ್ಯಾಪಾರಿ ಯಾರೂ ಆಗಬಹುದು. ಅಪ್ಪನ ನಂತರ ಮಗನಿಗೆ ಪಟ್ಟ ಅನ್ನುವುದು ಇಲ್ಲವೇ ಇಲ್ಲ. ಕಿರಿನ್ ದಯೆಯ ಪ್ರಾಣಿ, ರಕ್ತದ ವಾಸನೆಗೇ ಕಾಯಿಲೆ ಬೀಳುತ್ತದೆ. ತನ್ನ ದೊರೆಗಲ್ಲದೆ ಬೇರೆ ಯಾರಿಗೂ ಅದು ತಲೆ ಬಾಗಿಸಲಾರದು. ಆಯ್ಕೆಯಾದ ದೊರೆಗೆ ಮುಪ್ಪಿಲ್ಲ, ಸರಿಯಾಗಿ ಆಳುವವರೆಗೂ ಸಾವಿಲ್ಲ. ಪಕ್ಕದ ಏನ್ ರಾಜ್ಯದ ದೊರೆ 500 ವರ್ಷದಿಂದ ಆಳುತ್ತಿದ್ದಾನೆ. ಆದರೆ ದೊರೆ ದಾರಿ ತಪ್ಪಿದರೆ ಕಿರಿನ್‌ಗೆ ರೋಗ ಬರುತ್ತದೆ. ಅದು ಸತ್ತರೆ ದೊರೆಯೂ ಸಾಯುತ್ತಾನೆ. ಸಿಂಹಾಸನ ಖಾಲಿ ಬಿದ್ದರೆ ಮಳೆ ಕೈಕೊಡುತ್ತದೆ, ನದಿ ಉಕ್ಕುತ್ತದೆ, ರಾಕ್ಷಸ ಪ್ರಾಣಿಗಳು ಊರಿಗೆ ನುಗ್ಗುತ್ತವೆ. ರಾಜ ಕೆಟ್ಟರೆ ಮಳೆ ಹೋಗುತ್ತದೆ ಅನ್ನುವ ನಂಬಿಕೆ ನಮ್ಮ ಹಳ್ಳಿಗಳಲ್ಲೂ ಇತ್ತು, ಅಲ್ವಾ? ಹಾಗಾಗಿ ಈ ಲೋಕದ ನಿಯಮಗಳು ನನಗೆ ಪರಕೀಯ ಅನ್ನಿಸಲೇ ಇಲ್ಲ.

ಇನ್ನೊಂದು ನಿಯಮ ನನ್ನ ತಲೆಯಲ್ಲಿ ಬಹಳ ದಿನ ಕೊರೆಯಿತು. ಇಲ್ಲಿ ಮಕ್ಕಳು ಹುಟ್ಟುವುದು ಮರದಲ್ಲಿ. ಪ್ರತಿ ಊರಿನಲ್ಲೂ ಒಂದು ಬಿಳಿ ಮರ. ಮಗು ಬೇಕಾದ ಗಂಡ ಹೆಂಡತಿ ಕೊಂಬೆಗೆ ಪಟ್ಟಿ ಕಟ್ಟಿ ಬೇಡಿಕೊಳ್ಳುತ್ತಾರೆ. ಹಣ್ಣು ಬಿಡುತ್ತದೆ, ಹಣ್ಣಿನಲ್ಲಿ ಮಗು. ಹಾಗಾಗಿ ಮೈಯಲ್ಲಿ ಹರಿಯುವ ರಕ್ತದ ಸಂಬಂಧ ಅನ್ನುವುದೇ ಇಲ್ಲಿಲ್ಲ. ಬಸಿರು ಬಾಣಂತನ ಇಲ್ಲದ ಕಾರಣ ಹೆಂಗಸರು ಸೈನ್ಯದಲ್ಲೂ ಇದ್ದಾರೆ, ಅಧಿಕಾರದಲ್ಲೂ ಇದ್ದಾರೆ. ಬಿರುಗಾಳಿಗೆ ಸಿಕ್ಕಿ ಕೆಲವು ಹಣ್ಣುಗಳು ಲೋಕ ದಾಟಿ ಜಪಾನಿಗೆ ಹೋಗಿ ಅಲ್ಲಿನ ತಾಯಂದಿರ ಹೊಟ್ಟೆ ಸೇರುತ್ತವೆ. ಯೋಕೊ ಅಂಥ ಹಣ್ಣು. ಕಲ್ಪನೆಗೆ ಅಂತ ಒಂದು ವಿಚಿತ್ರ ತಂದಿಟ್ಟು, ಅದರಿಂದ ಸಮಾಜ ಹೇಗೆಲ್ಲ ಬದಲಾಗುತ್ತದೆ ಅಂತ ಕೊನೆಯವರೆಗೂ ಯೋಚಿಸುವವರು ಕಡಿಮೆ. ಒನೊ ಯೋಚಿಸುತ್ತಾರೆ. ಹನ್ನೆರಡು ರಾಜ್ಯಗಳ ನಕ್ಷೆ ಕೂಡ ಮಂಡಲ ಬರೆದ ಹಾಗೆ ಅಚ್ಚುಕಟ್ಟು. ನಡುವೆ ಹಳದಿ ಸಮುದ್ರ, ಅದರ ಮಧ್ಯೆ ಪರ್ವತಗಳು, ಕಿರಿನ್ ಹುಟ್ಟುವ ಮರ ಇರುವುದು ಅಲ್ಲಿ.

ಇಷ್ಟು ಅಚ್ಚುಕಟ್ಟಾದ ಲೋಕದಲ್ಲೂ ರಾಜ್ಯಗಳು ಹಾಳಾಗುತ್ತವೆ. ಆಕಾಶವೇ ಆರಿಸಿದ ದೊರೆಗಳು ಕ್ರೂರಿಗಳಾಗುತ್ತಾರೆ. ಈ ಸರಣಿ ದೊಡ್ಡದಾಗುವುದು ಇಲ್ಲಿ. ಯೋಕೊಗಿಂತ ಮೊದಲು ಕೇ ರಾಜ್ಯ ಆಳಿದ ರಾಣಿ ಕೆಟ್ಟವಳಾಗಿರಲಿಲ್ಲ. ಅಂಜುಬುರುಕಿ. ತನ್ನ ಕಿರಿನ್ ಮೇಲೆ ಅವಳಿಗೆ ಪ್ರೀತಿ ಹುಟ್ಟಿತು, ಆ ಪ್ರೀತಿ ಹೊಟ್ಟೆಕಿಚ್ಚಾಗಿ ರಾಜ್ಯದ ಹೆಂಗಸರನ್ನೆಲ್ಲ ಗಡಿಯಾಚೆ ಓಡಿಸುವ ಮಟ್ಟಕ್ಕೆ ಹೋಯಿತು. ಹೋ ರಾಜ್ಯದ ದೊರೆಯದು ಇನ್ನೊಂದು ಬಗೆ. ಲಂಚ ಮುಟ್ಟದ, ಶಿಸ್ತಿನ ಮನುಷ್ಯ. ಜನರೂ ತನ್ನಷ್ಟೇ ಶುದ್ಧವಾಗಿರಬೇಕು ಅಂತ ಕಾನೂನು ಬಿಗಿ ಮಾಡುತ್ತಾ ಹೋದ. ಸಣ್ಣ ತಪ್ಪಿಗೂ ಮರಣದಂಡನೆ. ಕೊನೆಗೆ ಅವನ ಅಧಿಕಾರಿಗಳೇ ದಂಗೆ ಎದ್ದು ಅವನನ್ನು ಕೊಂದರು. ಆರಿಸುವುದು ಆಕಾಶದ ಕೆಲಸ, ಉಳಿಸಿಕೊಳ್ಳುವುದು ಮನುಷ್ಯರ ಕೆಲಸ. ನಡುವೆ ಯಾರೂ ಬಂದು ತಿದ್ದುವುದಿಲ್ಲ.

ಎರಡನೇ ದೊಡ್ಡ ಭಾಗ ನನಗೆ ಮೊದಲನೆಯದಕ್ಕಿಂತಲೂ ಜಾಸ್ತಿ ಇಷ್ಟ. ಮೂರು ಹುಡುಗಿಯರ ಕಥೆ ಒಟ್ಟೊಟ್ಟಿಗೆ ನಡೆಯುತ್ತದೆ. ಒಬ್ಬಳು ಶೋಕೇ, ಕೊಲೆಯಾದ ಹೋ ದೊರೆಯ ಮಗಳು. ರೇಷ್ಮೆ ಬಟ್ಟೆಯಲ್ಲಿ ಬೆಳೆದವಳು ಈಗ ಹಳ್ಳಿಯ ಅನಾಥಾಲಯದಲ್ಲಿ ಕಸ ಹೊಡೆಯುತ್ತಾಳೆ. ಅಪ್ಪ ಅಷ್ಟು ಜನರನ್ನು ಕೊಲ್ಲಿಸಿದ್ದು ನನಗೆ ಗೊತ್ತೇ ಇರಲಿಲ್ಲ ಅನ್ನುವುದು ಅವಳ ವಾದ. ಗೊತ್ತು ಮಾಡಿಕೊಳ್ಳದೆ ಇದ್ದದ್ದೇ ನಿನ್ನ ತಪ್ಪು ಅಂತ ಲೋಕ ಅವಳಿಗೆ ಹೇಳುತ್ತದೆ. ಇನ್ನೊಬ್ಬಳು ಸುಜು. ನೂರು ವರ್ಷಕ್ಕೂ ಹಿಂದೆ, ಜಪಾನಿನ ಮೇಜಿ ಚಕ್ರವರ್ತಿಯ ಕಾಲದಲ್ಲಿ ಬಡತನಕ್ಕೆ ಮನೆಯವರೇ ಮಾರಿದ ಜಪಾನಿ ಹುಡುಗಿ. ದಾರಿಯಲ್ಲಿ ಬಿರುಗಾಳಿಗೆ ಸಿಕ್ಕಿ ಈ ಲೋಕಕ್ಕೆ ಬಂದಳು, ಭಾಷೆ ಬಾರದೆ ನರಳಿದಳು. ಭಾಷೆ ಅರ್ಥವಾಗುವುದಕ್ಕಾಗಿ ಒಬ್ಬ ಅಮರ ಒಡತಿಯ ಸೇವೆಗೆ ಸೇರಿ ನೂರು ವರ್ಷದ ಹತ್ತಿರ ಬೈಗುಳ ತಿಂದಳು. ಲೋಕದಲ್ಲಿ ತನ್ನಷ್ಟು ದುಃಖಿ ಯಾರೂ ಇಲ್ಲ ಅಂತ ಅವಳ ನಂಬಿಕೆ. ಮೂರನೆಯವಳು ಯೋಕೊ. ಅರಮನೆಯಲ್ಲಿದ್ದಾಳೆ. ಮಂತ್ರಿಗಳು ‘ಮತ್ತೆ ಹೆಣ್ಣು ದೊರೆಯೇ’ ಅಂತ ನಿಟ್ಟುಸಿರು ಬಿಡುತ್ತಾರೆ. ಅವಳಿಗೆ ಓದಲು ಬರುವುದಿಲ್ಲ, ಪದ್ಧತಿ ಗೊತ್ತಿಲ್ಲ, ಯಾರು ಕಳ್ಳರು ಯಾರು ನಂಬಿಕಸ್ತರು ತಿಳಿಯುವುದಿಲ್ಲ. ಹೂಂ ಅನ್ನುವ ಹಳೆ ಅಭ್ಯಾಸ ಸಿಂಹಾಸನದ ಮೇಲೂ ಅವಳನ್ನು ಬಿಟ್ಟಿಲ್ಲ. ಅದು ಗೊತ್ತಾದ ದಿನ ಅವಳು ಅರಮನೆ ಬಿಟ್ಟು, ಹೆಸರು ಮರೆಸಿ, ಒಂದು ಹಳ್ಳಿಯ ಮೇಷ್ಟರ ಹತ್ತಿರ ಕಲಿಯಲು ಹೋಗುತ್ತಾಳೆ. ಅತ್ತ ಶೋಕೇ ಮತ್ತು ಸುಜು ಇಬ್ಬರೂ, ತಮ್ಮ ವಯಸ್ಸಿನವಳೇ ಆದ ಈ ಹೊಸ ದೊರೆಯನ್ನು ನೋಡಲು ಹೊರಟಿದ್ದಾರೆ. ಒಬ್ಬಳು ಹೊಟ್ಟೆಕಿಚ್ಚಿನಿಂದ, ಒಬ್ಬಳು ತನ್ನ ದುಃಖ ಹೇಳಿಕೊಳ್ಳುವುದಕ್ಕೆ. ಮೂವರೂ ಒಬ್ಬರಿಗೊಬ್ಬರು ಯಾರೆಂದು ಗೊತ್ತಿಲ್ಲದೆ ಒಂದೇ ಪಟ್ಟಣದ ದಂಗೆಯಲ್ಲಿ ಒಂದೇ ಕಡೆ ನಿಲ್ಲುತ್ತಾರೆ.

ಈ ಭಾಗದ ಕೊನೆಯಲ್ಲಿ ಯೋಕೊ ಮಂತ್ರಿಗಳನ್ನೆಲ್ಲ ಕರೆಸಿ ದೊರೆಯಾಗಿ ತನ್ನ ಮೊದಲ ಆಜ್ಞೆ ಹೊರಡಿಸುತ್ತಾಳೆ. ಅದು ಏನು ಅಂತ ನಾನು ಹೇಳುವುದಿಲ್ಲ. ಮೊದಲ ಕಂತಿನ ಯೋಕೊಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಆ ಮಾತನ್ನು ಕೇಳಿ. ನನಗೆ ಪ್ರತಿ ಸಲ ಕಣ್ಣು ತುಂಬಿ ಬರುತ್ತದೆ.

ರಾಕುಶುನ್ ಬಗ್ಗೆ ಒಂದು ಮಾತು ಬಾಕಿ ಇದೆ. ಯೋಕೊ ದೊರೆ ಅಂತ ಗೊತ್ತಾದ ಕ್ಷಣದಿಂದ ಅವನು ದೂರ ನಿಂತು, ಬಹುವಚನದಲ್ಲಿ ಮಾತಾಡಲು ಶುರು ಮಾಡುತ್ತಾನೆ. ಅಲ್ಲಿಯವರೆಗೂ ಹೆಸರು ಹಿಡಿದು ಕರೆಯುತ್ತಿದ್ದವನು. ಯೋಕೊಗೆ ಅದು ನೋವಾಗುತ್ತದೆ. ನಮ್ಮಿಬ್ಬರ ನಡುವೆ ಇರುವುದು ಎರಡೇ ಹೆಜ್ಜೆ ಅನ್ನುತ್ತಾಳೆ. ಅವನು ತನ್ನ ಪುಟ್ಟ ಕಾಲುಗಳನ್ನು ನೋಡಿಕೊಂಡು, ನನಗೆ ಮೂರು ಹೆಜ್ಜೆ ಅನ್ನುತ್ತಾನೆ. ಅನಿಮೆಯಲ್ಲಿ ಸ್ನೇಹದ ಬಗ್ಗೆ ದೊಡ್ಡ ದೊಡ್ಡ ಭಾಷಣಗಳನ್ನು ಕೇಳಿದ್ದೇನೆ. ಈ ಎರಡು ಸಾಲಿನ ಮುಂದೆ ಅವು ನಿಲ್ಲುವುದಿಲ್ಲ. ಸ್ಥಾನದ ವ್ಯತ್ಯಾಸ ಇಲ್ಲವೇ ಇಲ್ಲ ಅಂತ ಅವನು ಸುಳ್ಳು ಹೇಳುವುದಿಲ್ಲ. ದೂರ ಇದೆ, ಆದರೆ ನಡೆದು ಬರುತ್ತೇನೆ.

ಕೊರತೆಗಳೂ ಇವೆ, ಹೊಸಬರು ಮೊದಲೇ ತಿಳಿದಿರುವುದು ಒಳ್ಳೆಯದು. ಚಿತ್ರಗಳು ಸುಂದರ, ಅಕಿಹಿರೊ ಯಮಾದಾ ಪುಸ್ತಕಗಳಿಗೆ ಬರೆದ ಚಿತ್ರಗಳ ಛಾಯೆ ಅವುಗಳಲ್ಲಿದೆ. ಆದರೆ ಚಲನೆ ಇಂದಿನ ಕಣ್ಣಿಗೆ ಬಿಗಿಯಾಗಿ ಕಾಣುತ್ತದೆ. ಹೆಸರುಗಳ ಕಾಟ ಇದೆ. ರಾಜ್ಯದ ಹೆಸರು, ದೊರೆಯ ಹೆಸರು, ಕಿರಿನ್ ಹೆಸರು ಎಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಅದಕ್ಕೂ ಒಂದು ಸೂತ್ರ ಇದೆ: ಗಂಡು ಕಿರಿನ್ ಆದರೆ ರಾಜ್ಯದ ಹೆಸರಿನ ಕೊನೆಗೆ ‘ಕಿ’, ಹೆಣ್ಣಾದರೆ ‘ರಿನ್’. ಕೇ ರಾಜ್ಯದವನು ಕೇಕಿ, ತಾಯ್ ರಾಜ್ಯದವನು ತಾಯ್ಕಿ. ಇಷ್ಟು ನೆನಪಿಟ್ಟುಕೊಂಡರೆ ಅರ್ಧ ಗೊಂದಲ ಹೋಗುತ್ತದೆ. ನಡುವೆ ಹಿಂದಿನದನ್ನೇ ನೆನಪಿಸುವ ಕಂತುಗಳು ಬರುತ್ತವೆ, ಅವು ಸ್ವಲ್ಪ ಬೇಸರ.

ಪುಸ್ತಕ ಓದಿದವರ ದೊಡ್ಡ ದೂರು ಬೇರೆ. ಕಾದಂಬರಿಯಲ್ಲಿ ಯೋಕೊ ಆ ಲೋಕಕ್ಕೆ ಒಬ್ಬಳೇ ಹೋಗುತ್ತಾಳೆ. ಅನಿಮೆಯಲ್ಲಿ ಸುಗಿಮೊತೊ ಮತ್ತು ಅಸಾನೊ ಅನ್ನುವ ಹುಡುಗ ಜೊತೆಗೆ ಬೀಳುತ್ತಾರೆ. ಒಂಟಿತನ ಕಡಿಮೆಯಾಯಿತು ಅನ್ನುವುದು ಆ ದೂರು. ನನಗೆ ಸುಗಿಮೊತೊ ಬಂದದ್ದು ಒಳ್ಳೆಯದೇ ಅನ್ನಿಸಿದೆ. ಅವಳು ಇಂಥ ಮಾಯಾಲೋಕದ ಪುಸ್ತಕಗಳನ್ನು ಓದಿ ಓದಿ ತಾನೇ ಆಯ್ಕೆಯಾದವಳು ಅಂತ ನಂಬಿದವಳು. ಇಷ್ಟವಿಲ್ಲದೆ ಆಯ್ಕೆಯಾದವಳು ಒಂದು ಕಡೆ, ಆಸೆಪಟ್ಟೂ ಆಯ್ಕೆಯಾಗದವಳು ಇನ್ನೊಂದು ಕಡೆ. ಮನಸ್ಸಿನೊಳಗೇ ನಡೆಯುವ ಕಥೆಯನ್ನು ಪರದೆಗೆ ತರುವಾಗ ಎದುರಿಗೆ ಮಾತಾಡಲು ಒಬ್ಬರು ಬೇಕಿತ್ತು. ಅಸಾನೊ ವಿಷಯದಲ್ಲಿ ಮಾತ್ರ ನನಗೂ ಅಷ್ಟು ಸಮಾಧಾನ ಇಲ್ಲ.

ಸಂಗೀತದ ಬಗ್ಗೆ ಹೇಳದಿದ್ದರೆ ಅನ್ಯಾಯ. ಮಾಡಿದವರು ಕುನಿಹಿಕೊ ರ್ಯೋ, ಜಪಾನಿನಲ್ಲೇ ಹುಟ್ಟಿದ ಕೊರಿಯಾ ಮೂಲದ ಸಂಗೀತಗಾರ. ಆರಂಭದಲ್ಲಿ ಹಾಡಿಲ್ಲ, ಬರೀ ವಾದ್ಯಗಳು. ಅನಿಮೆಯಲ್ಲಿ ಇದು ಅಪರೂಪ. ಅದನ್ನು ಹಾರಿಸದೆ ಪ್ರತಿ ಸಲ ಕೇಳಿ. ಯೋಕೊಳ ದನಿ ಅಯಾ ಹಿಸಾಕಾವಾ ಅವರದು. ಮೊದಲ ಕಂತಿನ ನಡುಗುವ ದನಿಯನ್ನೂ ದಂಗೆಯ ಹೊತ್ತಿನ ದನಿಯನ್ನೂ ಹೋಲಿಸಿ ನೋಡಿದರೆ, ಒಂದೇ ಗಂಟಲಿನಿಂದ ಬಂದದ್ದು ಅಂತ ನಂಬುವುದು ಕಷ್ಟ. ಅದಕ್ಕೇ ಜಪಾನಿ ದನಿಯಲ್ಲೇ, ಕೆಳಗೆ ಇಂಗ್ಲಿಷ್ ಸಾಲು ಓದುತ್ತಾ ನೋಡಿ ಅನ್ನುತ್ತೇನೆ.

ಒಂದೇ ರಾತ್ರಿಗೆ ಹತ್ತು ಕಂತು ನೋಡುವ ಸರಣಿ ಇದಲ್ಲ. ದಿನಕ್ಕೆ ಒಂದೋ ಎರಡೋ ಸಾಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಬೇಡ, ರಕ್ತ ಮತ್ತು ಸಾವು ಬಹಳ ಇದೆ. ಹೈಸ್ಕೂಲು ವಯಸ್ಸಿನವರ ಜೊತೆ ಕೂತು ನೋಡಬಹುದು, ಮಾತಾಡಲು ಬೇಕಾದಷ್ಟು ವಿಷಯ ಸಿಗುತ್ತದೆ. ರಾಕುಶುನ್ ಬರುವವರೆಗೆ ನೋಡಿ, ಆ ಪಕ್ಷಿಗಳ ದಾಳಿ ಆದ ಮೇಲಿನ ಕಂತು ನೋಡಿ. ಆಗಲೂ ಹಿಡಿಸದಿದ್ದರೆ ಇದು ನಿಮ್ಮದಲ್ಲ, ಬಿಟ್ಟುಬಿಡಿ.

ಇನ್ನೊಂದು ವಿಷಯ ಮೊದಲೇ ಹೇಳಿಬಿಡಬೇಕು. ಯೋಕೊಳ ಎರಡು ಭಾಗಗಳ ನಡುವೆ ತಾಯ್ಕಿ ಅನ್ನುವ ಪುಟ್ಟ ಕಿರಿನ್ ಕಥೆ ಬರುತ್ತದೆ. ಜಪಾನಿನಲ್ಲಿ ಮನುಷ್ಯ ಮಗುವಿನ ಹಾಗೆ ಬೆಳೆದವನು, ತಾನು ಕಿರಿನ್ ಅಂತ ಅವನಿಗೇ ನಂಬಿಕೆ ಇಲ್ಲ. ರೂಪ ಬದಲಿಸಲು ಬರುವುದಿಲ್ಲ. ದೊರೆಯನ್ನು ಆರಿಸುವ ಹೊತ್ತಿನಲ್ಲಿ, ತಾನು ಆರಿಸಿದ್ದು ಆಕಾಶದ ಇಚ್ಛೆಯೋ ತನ್ನ ಆಸೆಯೋ ಅಂತ ನಡುಗುತ್ತಾನೆ. ಆರಿಸುವವನ ಭಯ ಇದು. ಬಹಳ ಚೆನ್ನಾಗಿದೆ. ಆದರೆ ಅವನ ಮುಂದಿನ ಕಥೆ ಅನಿಮೆಯಲ್ಲಿ ಅರ್ಧಕ್ಕೇ ನಿಲ್ಲುತ್ತದೆ. ಪುಸ್ತಕ ಓದುವವರೂ ಕಾಯಬೇಕಾಯಿತು. ಅವನ ಕಥೆಯನ್ನು ಮುಂದುವರಿಸಿದ ಕಾದಂಬರಿ 2001ರಲ್ಲಿ ಬಂತು, ಅದರ ಮುಂದಿನದು ನಾಲ್ಕು ಸಂಪುಟಗಳಲ್ಲಿ 2019ರಲ್ಲಿ. ಅಷ್ಟು ವರ್ಷ ಕಾದ ಓದುಗರಲ್ಲಿ ಹುಡುಗಿಯರಾಗಿದ್ದವರು ತಾಯಂದಿರಾಗಿರುತ್ತಾರೆ.

ಸರಣಿಯ ಕೊನೆಯ ಐದು ಕಂತು ಯೋಕೊಳದ್ದಲ್ಲ, 500 ವರ್ಷ ಹಿಂದಿನ ಏನ್ ರಾಜ್ಯದ್ದು. ಆಗಿನ ದೊರೆ ಶೋರ್ಯೂ, ಜಪಾನಿನ ಯುದ್ಧಗಳಲ್ಲಿ ತನ್ನ ಸಣ್ಣ ಸೀಮೆಯನ್ನೂ ಜನರನ್ನೂ ಕಳೆದುಕೊಂಡು ಬಂದವನು. ಅವನ ಕಿರಿನ್ ರೊಕುತಾ, ಹೊಟ್ಟೆಗಿಲ್ಲದೆ ಅಪ್ಪನೇ ಕಾಡಿನಲ್ಲಿ ಬಿಟ್ಟುಬಂದ ಹುಡುಗ. ದೊರೆಗಳೇ ರಾಜ್ಯ ಹಾಳು ಮಾಡುವವರು ಅಂತ ನಂಬುವ ಕಿರಿನ್! ಶೋರ್ಯೂ ಸಭೆಗೆ ಸರಿಯಾಗಿ ಬರುವುದಿಲ್ಲ, ಊರೂರು ಅಲೆಯುತ್ತಾನೆ, ಜೂಜಾಡುತ್ತಾನೆ. ಎದುರಿಗೆ ಅತ್ಸುಯು ಅನ್ನುವ ಪ್ರಾಂತ್ಯಾಧಿಕಾರಿ. ಮೃದು ಮಾತಿನವನು, ಶ್ರದ್ಧೆಯವನು. ಮಳೆಗಾಲಕ್ಕೆ ಮುಂಚೆ ನದಿಗೆ ಒಡ್ಡು ಕಟ್ಟಬೇಕು, ಅದಕ್ಕೆ ಅಧಿಕಾರ ಕೊಡಿ ಅಂತ ಕೇಳುತ್ತಾನೆ. ಎಷ್ಟು ನ್ಯಾಯವಾದ ಬೇಡಿಕೆ! ಮೊದಲ ಸಲ ನೋಡಿದಾಗ ನಾನು ಪೂರ್ತಿ ಅತ್ಸುಯು ಕಡೆ ಇದ್ದೆ. ಎರಡನೇ ಸಲ ನೋಡಿದಾಗ, ಅವನ ಮೊದಲ ದೃಶ್ಯದಿಂದಲೇ ಗಮನಿಸಬೇಕಾದದ್ದೆಲ್ಲ ಕಣ್ಣೆದುರೇ ಇತ್ತು ಅಂತ ಗೊತ್ತಾಯಿತು. ನೀವು ನೋಡಿ ಮುಗಿಸಿದ ಮೇಲೆ ಹೇಳಿ, ಅವನ ಮೇಲೆ ನಿಮಗೆ ಅನುಮಾನ ಬಂದದ್ದು ಯಾವ ಮಾತಿಗೆ?